ಹೊಟ್ಟೆಯ ಲೆಕ್ಕ

(ಯಾಶ್ ಪಟ್ಟಣ, ರೊಮೇನಿಯಾ, ೧೯೮೬)

ತಿಂಗಳ ಮೊದಲ ಮಂಗಳವಾರ
ಗಿರಣಿಯ ಮಗ್ಗಗಳು ಅರ್ಧ ಗಂಟೆ ಸುಮ್ಮನಾಗುತ್ತವೆ.
ಬೆಳಗಿನ ಪಾಳಿಯ ಹದಿನೇಳು ಹೆಂಗಸರು
ತಣ್ಣನೆ ಗೋಡೆಗೆ ಬೆನ್ನು ಕೊಟ್ಟು ಸಾಲು.

ಡಾಕ್ಟರಮ್ಮನ ಕೈ ಐಸು;
ಮುಖ ನೋಡುವುದಿಲ್ಲ ಆಕೆ, ಪಾಪ.
ಪಕ್ಕದಲ್ಲಿ ಕಡತ ಹಿಡಿದು ನಿಂತವನ
ಬೂಟು ಹೊಸದು.

“ಸಂಡಾ ಮುಂತ್ಯಾನು. ಇಪ್ಪತ್ತೊಂಬತ್ತು. ಹೊಟ್ಟೆ ಖಾಲಿ.”

ಬರೆದುಕೊಂಡ.
ಖಾಲಿ ಇದ್ದದ್ದಕ್ಕೂ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ.

ಖಾಲಿಯೇ, ಸ್ವಾಮಿ.
ನಾಲ್ಕಕ್ಕೆ ಎದ್ದು ಮೊಟ್ಟೆಯ ಕ್ಯೂನಲ್ಲಿ ನಿಂತಿದ್ದೆ,
ನನ್ನ ಸರದಿಗೆ ಬುಟ್ಟಿಯಲ್ಲಿ ಬರೀ ಹುಲ್ಲು.
ಆ ಹೊಟ್ಟೆಗೆ ನಿಮ್ಮ ಕಡತದಲ್ಲಿ ಕಾಲಂ ಇಲ್ಲ.

ಕಳೆದ ಚಳಿಗಾಲ ವಿಯೊರಿಕಾ
ಇರುವ ಮೂರೇ ಸಾಕು ಅಂದಳು.
ಅಡಿಗೆಮನೆಯ ಮೇಜು, ಮುಚ್ಚಿದ ಕಿಟಕಿ, ರೇಡಿಯೊ ಜೋರಾಗಿ;
ನೀರು ಕಾಯಿಸಿದವಳು ನಾನು.
ಆಮೇಲೆ ಜ್ವರ, ಆಸ್ಪತ್ರೆ.
ಮಂಚದ ಪಕ್ಕ ಇದೇ ಹೊಸ ಬೂಟು:
ಯಾರು ಮಾಡಿದ್ದು, ಹೆಸರು ಹೇಳು,
ಇಂಜೆಕ್ಷನ್ ಆಮೇಲೆ.

ರಾತ್ರಿಯೆಲ್ಲ ಕಾದರು.
ಅವಳು ಗೋಡೆಯ ಕಡೆ ತಿರುಗಿದಳು.

ಈಗ ಅವಳ ಮಗ್ಗವೂ ನನ್ನ ಪಾಲಿಗೆ.
ನೂಲು ಕಡಿದಾಗ ಹಾಕುವ ಗಂಟು
ಅವಳೇ ಕಲಿಸಿದ್ದು,
ಸಣ್ಣದು, ಕಣ್ಣಿಗೆ ಕಾಣದು,
ಎಷ್ಟು ಎಳೆದರೂ
ಬಾಯಿ ಬಿಡದು.