ಪ್ರಥಮ ಚಿಕಿತ್ಸೆಯ ಡೇರೆ

ಅರಮನೆ ಮೈದಾನ. ಬಾಗಿಲಿಗೆ ತೋರಣದ ಬದಲು
ಸಿಂಹದ ಬಾವುಟ.
ನನಗೆ ಕೊಟ್ಟಿದ್ದು ಒಂದು ಡೇರೆ, ಒಂದು ಮಂಚ,
ಹತ್ತಿ, ಅಯೋಡಿನ್,
ನೋವಿಗೆ ಹೊಡೆಯುವ ತಣ್ಣನೆ ಸ್ಪ್ರೇ.
ದಿನಕ್ಕೆ ಸಾವಿರದ ಇನ್ನೂರು, ಊಟ ಅವರದೇ.
"ಸುಮ್ಮನೆ ಕೂತಿರಿ ಸಿಸ್ಟರ್" ಅಂದಿದ್ದರು,
"ಎಲ್ಲಾ ನಾಟಕ."

ನಾಟಕವೇ. ಯಾವ ಸೀಮೆಯದೋ ರಾಜ
ಥರ್ಮಾಕೋಲಿನ ಕೋಟೆ ಮೇಲೆ ಕೂತು ಬೇಯುತ್ತಿದ್ದ,
ಕಿರೀಟದ ಕೆಳಗೆ ಒದ್ದೆ ಕರ್ಚೀಫು.
ಮೈಕಿನವನು ಕಂಪನಿ ನಾಟಕದ ಗಂಟಲಲ್ಲಿ
"ಎಲೈ ವೀರಾಧಿವೀರರೇ" ಎಂದು ಎತ್ತಿಕೊಂಡು
"ಬಿಳಿ ಇನ್ನೋವಾ ಯಾರದ್ದು, ದಯವಿಟ್ಟು ತೆಗೀರಿ" ಎಂದು ಇಳಿಸಿದ.
ಕಹಳೆ ನಿಂತರೂ
ಮೇಖ್ರಿ ಸರ್ಕಲ್ಲು ನಿಲ್ಲಿಸಲಿಲ್ಲ.

ಕರಿ ಕುದುರೆ ಬಂತು.
ರೇಸಿನ ಚೀಟಿಯಲ್ಲಿ ಅದರ ಹೆಸರು ಸಂಡೇ ಪ್ರಾಮಿಸ್,
ಲಾಯದಲ್ಲಿ ಬೇಬಿ.
ಓಟದಲ್ಲಿ ಸೋತು, ಮದುವೆ ಗಂಡುಗಳನ್ನು ಹೊತ್ತು,
ಈಗ ಯುದ್ಧಕ್ಕೆ ಬಡ್ತಿ.
ಬೆಳಿಗ್ಗೆ ಮುಲಾಮು ಕೇಳಿಕೊಂಡು ನವಾಜಿಶ್ ಬಂದಿದ್ದ:
"ಮೊಣಕಾಲಿಗೆ ಸಿಸ್ಟರ್. ಇಬ್ಬರಿಗೂ ಆಗೋಷ್ಟು ಕೊಡಿ."

ಎದುರು ತುದಿಯಲ್ಲಿ ಯತಿರಾಜ,
ವಾರವಿಡೀ ಪೀಣ್ಯದಲ್ಲಿ ವಾಟರ್ ಫಿಲ್ಟರ್ ಮಾರುವವನು.
ಅವನ ಎದೆಗವಚ ಬೆಳ್ಳಿಯಂತೆ ಹೊಳೆಯಿತು.
ಒಳಮೈಯಲ್ಲಿ ಇನ್ನೂ ಓದಬಹುದು:
ಸೂರ್ಯಕಾಂತಿ ಎಣ್ಣೆ, ಹದಿನೈದು ಲೀಟರ್.

ಓಡಿದರು.
ನೆಲ ನನ್ನ ಕುರ್ಚಿಯ ಕಾಲಿಗೆ ಹೇಳಿತು,
ಕುರ್ಚಿ ನನ್ನ ಬೆನ್ನಿಗೆ.
ಮುರಿಯಲೆಂದೇ ಮಾಡಿದ ಈಟಿ
ಮುರಿಯಲೆಂದೇ ಇದ್ದ ಜಾಗದಲ್ಲಿ ಮುರಿಯಿತು.
ಚಕ್ಕೆಗಳು ಹಾರಿದವು, ಜನ ಹೋ ಎಂದರು,
ಯತಿರಾಜ ಮಣ್ಣಿಗೆ.
ಚೀಲ ಹಿಡಿದು ನಾನು ಅರ್ಧ ಎದ್ದಿದ್ದೆ,
ಕಾಲು ನನ್ನನ್ನು ಕೇಳಿ ಏಳುವುದಿಲ್ಲ.
ಧೂಳಿನೊಳಗಿಂದ ಕಬ್ಬಿಣದ ಹೆಬ್ಬೆರಳೊಂದು ಮೇಲೆ ಬಂತು:
ಏನಿಲ್ಲ.

ಇಪ್ಪತ್ತೆರಡು ವರ್ಷ ಕ್ಯಾಷುಯಲ್ಟಿ, ಹೆಚ್ಚಿನವು ರಾತ್ರಿಪಾಳಿ.
ಈ ಊರಿನ ಕತ್ತಿಗೆ ಬೇರೆ ಹೆಸರು: ಲಾಂಗು.
ಅದಕ್ಕೆ ಒರೆ ಇಲ್ಲ, ರತ್ನದ ಹಿಡಿಯಿಲ್ಲ,
ಜಾರದಂತೆ ಸೈಕಲ್ ಟ್ಯೂಬು ಸುತ್ತಿರುತ್ತಾರಂತೆ.
ನಾನು ಅದನ್ನು ನೋಡಿದವಳಲ್ಲ,
ಅದು ಬರೆದದ್ದನ್ನು ಹೊಲಿದವಳು.
ಯಾರೂ ಕಹಳೆ ಊದಿರುವುದಿಲ್ಲ. ಹಿಂದಿನಿಂದ ಬರುತ್ತಾರೆ.
ಒಬ್ಬ ಹುಡುಗ, ಮೀಸೆ ಇನ್ನೂ ಗೆರೆಯಷ್ಟೇ,
ಆಟೋದಿಂದ ಬೆಡ್‌ಶೀಟಿನಲ್ಲೇ ಇಳಿದವನು,
ನನ್ನ ಕೈ ಹಿಡಿದು ಅಂದ:
"ಅಕ್ಕಾ, ನಮ್ಮಮ್ಮ ಬಂದ್ರೆ, ಬಿದ್ದೆ ಅಂತ ಹೇಳಿ."
ಹೇಳಿದೆ.

ಮಧ್ಯಾಹ್ನ ಕತ್ತಿಯುದ್ಧ, ನನ್ನ ಹಗ್ಗದಿಂದ ಹತ್ತೇ ಹೆಜ್ಜೆ.
ಜನರಿಗೆ ಕೇಳಿದ್ದು ಖಣಖಣ,
ನನಗೆ ಅದರ ಅಡಿಯ ಪಿಸುಮಾತು.
"ಒಂದು, ಎರಡು, ತಲೆ. ಈಗ ಭುಜ. ಬಾ."
ನವಾಜಿಶ್ ಕಣ್ಣು ಕೆಂಪಗೆ ಮಾಡಿ ಗರ್ಜಿಸಿ
ಗರ್ಜನೆಯ ಬಾಲದಲ್ಲಿ ಮೆಲ್ಲಗೆ ಹೇಳಿದ:
"ಎಡಗಾಲು ಹುಷಾರು, ಹಳ್ಳ ಇದೆ."
ಯತಿರಾಜ ಹಳ್ಳ ದಾಟಿ ನಿಂತು,
ನೆಟ್ಟಗೆ ಎದೆ ಕೊಟ್ಟು,
ಕಂಕುಳಲ್ಲಿ ಕತ್ತಿ ಸಿಕ್ಕಿಸಿಕೊಂಡು
ಸತ್ತ.

ಎಷ್ಟು ಹೊತ್ತು ಸತ್ತ ಅಂತೀರಿ!
ಒಂದು ಮಗು ಅಳಲು ಶುರುಮಾಡಿತು,
ಕಬ್ಬಿನ ಹಾಲಿನವನು ಮೆಷಿನ್ ನಿಲ್ಲಿಸಿದ.
ಆಮೇಲೆ ಎದ್ದ, ಕೊಂದವನ ಹೆಗಲಿಗೆ ಕೈಹಾಕಿ
ನಾಲ್ಕು ದಿಕ್ಕಿಗೂ ಬಾಗಿದ.
ನಾನು ಚಪ್ಪಾಳೆ ತಟ್ಟಲಿಲ್ಲ. ಗಾಜಿನ ಬಾಟಲಿ
ಯಾಕೋ ಎರಡೂ ಕೈಯಲ್ಲಿ ಹಿಡಿದಿದ್ದೆ.

ಸಂಜೆ ಡೇರೆಯ ಪರದೆ ಸರಿಸಿ ಅವನೇ ಬಂದ,
ಕಿರೀಟದಂಥ ಟೋಪಿ ಕಂಕುಳಲ್ಲಿ.
ಹೆಬ್ಬೆರಳು ಚಾಚಿದ. ಕತ್ತಿಯದಲ್ಲ,
ಮೊಸರನ್ನದ ಡಬ್ಬಿಯ ಮುಚ್ಚಳ ಕುಯ್ದಿತ್ತು.
ಇಡೀ ದಿನದ ಯುದ್ಧದ ರಕ್ತ, ಒಂದು ಹನಿ.
ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕು.
ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ.
ಹೊರಗೆ ಬೇಬಿ ಹುಲ್ಲು ಕಿತ್ತುಕೊಳ್ಳುವ ಸದ್ದು.

"ಬೇಗ ಕಟ್ಟಿ ಸಿಸ್ಟರ್," ಅಂದ,
"ಆರೂವರೆಗೆ ಇನ್ನೊಂದ್ಸಲ ಸಾಯಬೇಕು."