ಇತರೆ

ಕಾಲಂ ಏಳು: ಉದ್ದಿಮೆಯ ಸ್ವರೂಪ.
ಹುಚ್ಚೇಶ ಮುರನಾಳರು ಪೆನ್ನಿನ ತುದಿಯನ್ನು ಅಲ್ಲಿಟ್ಟು ಕಾಯುತ್ತಾರೆ.
"ಏನ್ ಮಾರ್ತೀರಿ ಅಕ್ಕಾರ?"
"ಏನೂ ಮಾರಂಗಿಲ್ರಿ."
"ಮತ್ತೇನ್ ಮಾಡ್ತೀರಿ?"
"ಕೇಳ್ತೀನ್ರಿ."
"ಏನ್ ಕೇಳ್ತೀರಿ? ಕೇಳ್ರಿ."

ನನ್ನ ಬೆನ್ನಿಗೆ ಹಿಟ್ಟಿನ ಗಿರಣಿಯವ ಉಸಿರು ಬಿಡುತ್ತಾನೆ,
ಅವನ ಹಿಂದೆ ಬ್ಯೂಟಿ ಪಾರ್ಲರ್,
ಅದರ ಹಿಂದೆ, ಮೆಟ್ಟಿಲ ಮೇಲೆ, ಕುರ್ಚಿ ಬಾಡಿಗೆ ಕೊಡುವ ಅಣ್ಣತಮ್ಮಂದಿರು.
ಫ್ಯಾನಿನ ಗಾಳಿಗೆ ಏಳುವ ಅರ್ಜಿಗಳ ಮೇಲೆ
ಅಂಗೈಯಗಲ ಕೆಂಪುಕಲ್ಲು.

ದಿಲ್ಲಿಯವರು ಬರೆದಿದ್ದಾರೆ:
ಅಲೆ ಕಳಿಸಲು ಅನುಮತಿ ಬೇಕಾದರೆ ಮೊದಲು ಉದ್ದಿಮೆ ಪರವಾನಿಗೆ ಲಗತ್ತಿಸಿ.
ನಗರಸಭೆ ಅನ್ನುತ್ತದೆ:
ಪರವಾನಿಗೆ ಬೇಕಾದರೆ ಮೊದಲು ದಿಲ್ಲಿಯ ಅನುಮತಿ.
ಮೂರು ತಿಂಗಳು ಈ ಎರಡು ಕಾಗದಗಳ ನಡುವೆ
ನಾನೇ ಅಲೆದೆ, ಅಲೆಯ ಬದಲಿಗೆ.

ಹೇಳಿದೆ ಅವರಿಗೆ, ಲಾಲಸಾಬನ ಮಾತಿನಿಂದ ಶುರುಮಾಡಿ.
ಹಿನ್ನೀರಿನಲ್ಲಿ ಬಲೆ ಹಾಕುವವ ಆತ. ಒಮ್ಮೆ ಅಂದಿದ್ದ:
"ಸಂಜಿಮುಂದ ಆಚಿ ದಂಡ್ಯಾಗ ಮಾತಾಡಿದ್ದು
ನನ್ನ ದೋಣಿಗೆ ಬರ್ತೈತ್ರಿ. ಹಗಲ ಹೊತ್ತು ಕೂಗಿದ್ರೂ ಇಲ್ಲ."
ರೇಡಿಯೊ ಅಲೆಗೂ ಹಾಗೇ ಏನೋ ಆಗುತ್ತದೆ.
ಮಧ್ಯಾಹ್ನ ಗೊರಗೊರ ಅನ್ನುವ ನನ್ನ ಪೆಟ್ಟಿಗೆಯಲ್ಲಿ
ದೀಪ ಹಚ್ಚುವ ಹೊತ್ತಿಗೆ ಸೊಲ್ಲಾಪುರದ ಸೋಫಾ ಅಂಗಡಿಯ ಜಾಹೀರಾತು,
ಪಕ್ಕದ ಓಣಿಯಷ್ಟು ಸ್ಪಷ್ಟ.
ನೀರಿನ ಮೇಲೆ ಹಸಿಗಾಳಿ ಹಾಸಿಕೊಂಡಾಗ
ಅಲೆ ಬಗ್ಗಿ, ತಲೆ ತಗ್ಗಿಸಿ, ಗುಡಿಸಲೊಳಗೆ ನುಗ್ಗಿದಂತೆ ಬರುತ್ತದೆ.
ಎಷ್ಟು ತೇವಕ್ಕೆ? ಎಷ್ಟು ಬಾಗು?
ಇಲ್ಲೀತನಕ ಬರೇ ಕೇಳಿದ್ದೇನೆ.
ಇನ್ನು ಇಲ್ಲಿಂದ ಒಂದು ವ್ಯಾಟ್ ಕಳಿಸಿ, ಅಳೆಯಬೇಕು.

"ಲಾಭ?"
ಸದ್ಯಕ್ಕಿಲ್ಲ.
"ಕೆಲಸದವರು?"
ಲಾಲಸಾಬ, ಮೀನು ಬೀಳದ ದಿನ.
"ಕಸ ಎಷ್ಟ್ ಬೀಳ್ತದ ದಿನಕ್ಕ? ತ್ಯಾಜ್ಯದ ಫೀ ಹಚ್ಚಬೇಕು."
ಒಂದು ಕಪ್ಪು ಚಹಾಪುಡಿ ಅಂದೆ.

ಅವರು ಪಟ್ಟಿ ತಿರುವಿದರು. ಇನ್ನೂರಾ ಹದಿನಾಲ್ಕು ಉದ್ದಿಮೆ.
ಇಟ್ಟಂಗಿ ಭಟ್ಟಿ, ಐಸ್ ಕಾರ್ಖಾನೆ, ಖಣ ನೇಯ್ಗೆ,
ಬೆರಳು ಜಾರುತ್ತ ಜಾರುತ್ತ ರಕಾರಕ್ಕೆ ಬಂತು:
"ರೇಡಿಯೊ ರಿಪೇರಿ ಐತಿ. ನಲವತ್ತೇ ರೂಪಾಯಿ. ಅದನ್ನ ಬರೀಲೇನು?"
ನಾನಂದೆ, "ಯಾವುದೂ ಕೆಟ್ಟಿಲ್ಲರಿ."

ಪೆನ್ನು ಕೆಳಗಿಟ್ಟರು.
ಗಿರಣಿಯವ ಗಡಿಯಾರ ನೋಡಿದ, ಕೇಳುವಂತೆ ನೋಡಿದ.
"ನಮ್ಮಪ್ಪಗ ಕೇಳಾಕ ಲೈಸನ್ಸ್ ಇತ್ತು ಅಕ್ಕಾರ.
ಪೋಸ್ಟಾಫೀಸಿನ್ಯಾಗ ರೊಕ್ಕ ಕಟ್ಟಿ
ಪುಸ್ತಕದಾಗ ಟಿಕೀಟು ಅಂಟಿಸ್ಕೊಂಡ್ ಬರ್ತಿದ್ದ.
ಒಂದ್ ವರ್ಷ ಕಟ್ಟಾಕ ಆಗ್ಲಿಲ್ಲ.
ರೇಡಿಯೊ ಕೌದಿಯೊಳಗ ಹೊಚ್ಚಿ, ಮ್ಯಾಲ ನಾವು ಮೂವರೂ ಕಿವಿ ಹಚ್ಚಿ…
ಆ ವರ್ಷ ದೇಶದಾಗ ಏನಾತೋ,
ನಮ್ಮನಿಗೆ ಎಲ್ಲಾ ಪಿಸುಮಾತಿನ್ಯಾಗ ಆತು."
ಇಷ್ಟು ಹೇಳಿ, ಹೇಳಿದ್ದಕ್ಕೆ ತುಸು ನಾಚಿ,
ಪಟ್ಟಿಯ ಕಟ್ಟಕಡೆಯ ಸಾಲಿಗೆ ಹೋದರು.
ಇನ್ನೂರಾ ಹದಿನಾಲ್ಕು: ಇತರೆ.
ದಿಲ್ಲಿಯ ಕಾಗದ ಆಮೇಲೆ ಸಲ್ಲಿಸುವ ಷರತ್ತಿಗೆ ಒಳಪಟ್ಟು.
ಠಸ್ಸೆ ಬಿತ್ತು. ಕೆಂಪುಕಲ್ಲು ಒಮ್ಮೆ ಅದುರಿತು.

ಎದ್ದು ಕಾಣುವಂತೆ ತೂಗುಹಾಕತಕ್ಕದ್ದು, ಎಂದಿದೆ ಹಿಂಬದಿಯಲ್ಲಿ.
ಹಾಕಿದ್ದೇನೆ. ಹಲ್ಲಿಯೊಂದು ದಿನಾ ಪರಿಶೀಲಿಸುತ್ತದೆ.

ದಿಲ್ಲಿಯಿಂದಲೂ ಬಂತು, ಮಳೆಗಾಲ ಮುಗಿದ ಮೇಲೆ:
ಇಂಥದೇ ಕಂಪನ, ಒಂದೇ ವ್ಯಾಟ್, ಹನ್ನೊಂದು ತಿಂಗಳು,
ಯಾರಿಗೂ ತೊಂದರೆ ಕೊಡಕೂಡದು.
ಮೊದಲ ಸಂಜೆ ಮಾಳಿಗೆಯ ಮೇಲೆ ನಾನು,
ನೀರಿನ ನಡುವೆ ಟಿಫಿನ್ ಡಬ್ಬಿಯಲ್ಲಿ ರಿಸೀವರ್ ಇಟ್ಟುಕೊಂಡು ಲಾಲಸಾಬ.
ಗುಂಡಿ ಒತ್ತಿದೆ. ಮತ್ತೊಮ್ಮೆ ಒತ್ತಿದೆ.
ಫೋನ್ ಮಾಡಿದ:
"ನಿಮ್ಮದು ಬರ್ಲಿಲ್ರಿ.
ಆಚಿ ದಂಡ್ಯಾಗ ಯಾರೋ ಯಾರನ್ನೋ ಊಟಕ್ಕ ಕರಿಯಾಕತ್ತಾರ,
ಅದು ಬಂತು."

ಬರೆದುಕೊಂಡೆ.
ಏಳು ಗಂಟೆ ಹತ್ತು ನಿಮಿಷ. ಗಾಳಿ ಇಲ್ಲ.
ತೇವ ಎಂಬತ್ತೊಂದು.