ಪಟ್ಟಿಯಲ್ಲಿಲ್ಲದ್ದು

ಹೆಚ್ಚಾದದ್ದನ್ನು ಹೆಚ್ಚಿ ಮಾರುವುದು ನನ್ನ ಕೆಲಸ.
ಈ ವರ್ಷ ಇದು ಹನ್ನೊಂದನೆಯದು.
ಒಂದು ಶಾಲೆ, ಎರಡು ಅಂಚೆಮನೆ, ಸೈನಿಕರ ಸ್ನಾನದ ಕೋಣೆ,
ಜೌಗಿನ ನಡುವೆ ಯಾರೂ ಹತ್ತದ ಕಾವಲು ಗೋಪುರ,
ಎಲ್ಲ ಹೋದವು.
ಗೋಪುರವನ್ನು ಕೊಕ್ಕರೆ ಗೂಡಿನ ಸಮೇತ
ತಾರ್ತುವಿನ ದಂತವೈದ್ಯನೊಬ್ಬ ಕೊಂಡ.

ಇವತ್ತಿನದು ವಾಲ್ಗಾ ಊರಾಚೆಯ ಸುಂಕದ ಕಟ್ಟೆ.
ಈಚೆ ಎಸ್ಟೋನಿಯ, ಆಚೆ ಲಾಟ್ವಿಯ,
ನಡುವೆ ಈಗ ಏನೂ ಇಲ್ಲ; ಅದಕ್ಕೇ ಮಾರಾಟ.
ಡಿಸೆಂಬರಿನ ಒಂದು ನಡುರಾತ್ರಿ
ಯಾರೋ ಬಂದು ಅಡ್ಡಗಂಬ ಕೊಯ್ದು
ಬ್ಯಾಂಡು ಬಾರಿಸಿ ಹೋದಮೇಲೆ
ಗಡಿಯೆಂದರೆ ಡಾಂಬರು ಬಣ್ಣ ಬದಲಿಸುವ ಜಾಗ, ಅಷ್ಟೆ.

ನನ್ನ ಬಳಿ ಪಟ್ಟಿಯಿದೆ, ಮೂರು ಪ್ರತಿ.
ಇಟ್ಟಿಗೆ ಕಟ್ಟಡ ಒಂದು.
ಸೋರುವ ಸೂರು ಒಂದು
(‘ಸೋರುವ’ ಎಂಬುದನ್ನು ಮೇಲಿನವರು ಹೊಡೆದುಹಾಕಿದ್ದಾರೆ).
ಲಾರಿ ತೂಗುವ ತಕ್ಕಡಿ, ನೆಲದಲ್ಲಿ ಹೂತದ್ದು, ಮುಳ್ಳಿಲ್ಲ.
ಧ್ವಜದ ಕಂಬ. ಧ್ವಜ ಸೇರಿಲ್ಲ.

ನೋಡಲು ಬಂದವರು ಇಬ್ಬರೇ.
ಐವಾರ್ಸ್, ಆಚೆ ಬದಿಯ ಜೇನು ಸಾಕುವವನು;
ಚಳಿಗಾಲಕ್ಕೆ ಪೆಟ್ಟಿಗೆಗಳನ್ನಿಡಲು ಗೋಡೆ ಬೇಕು,
ಮೇಜು ಕುರ್ಚಿ ಬೇಡ, ದರ ಇಳಿಸಿ ಅನ್ನುತ್ತಾನೆ.
ಇನ್ನೊಬ್ಬಳು ಹೆಲ್ವೆ. ಕೊಳ್ಳಲು ಬಂದವಳಲ್ಲ.
ಹದಿನಾರು ವರ್ಷ ಇದೇ ಕಿಟಕಿಯಲ್ಲಿ ಕೂತು
ಇದೇ ಐವಾರ್ಸನ ವ್ಯಾನಿನ ಹಿಂಬಾಗಿಲು ತೆರೆಸಿದವಳು.
ಇಬ್ಬರೂ ಈಗ ಒಬ್ಬರಿಗೊಬ್ಬರು ತಲೆಯಾಡಿಸಿದರು,
ನಿವೃತ್ತ ಬೆಕ್ಕು, ನಿವೃತ್ತ ಇಲಿಯ ಹಾಗೆ.

ಹಿಂದಿನ ಕೋಣೆಗೆ ನನ್ನ ಗೊಂಚಲಿನ
ಹನ್ನೆರಡು ಕೀಲಿಗಳಲ್ಲಿ ಒಂದೂ ಹೊಂದಲಿಲ್ಲ.
ಹೆಲ್ವೆ ಕೈಗವಸು ಬಿಚ್ಚಿದಳು.
ಅಂಗೈಯಲ್ಲಿ ಹದಿಮೂರನೆಯದು.
‘ಯಾರೂ ವಾಪಸು ಕೇಳಲಿಲ್ಲ.’

ಒಳಗೆ ಒಂದೇ ಒಂದು ಅಕಾರ್ಡಿಯನ್.
ಕತ್ತಿನ ಪಟ್ಟಿಗೆ ರಟ್ಟಿನ ಚೀಟಿ: ೧೧೪.

ಸುಂಕದವರ ಮುಂದೆ ಸುಖದುಃಖ ಹೇಳಬಾರದಂತೆ.
ಸುಂಕದವಳೇ ಹೇಳಿಕೊಂಡರೆ?
ಪಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಕೇಳಿದೆ.

ತೊಂಬತ್ತನಾಲ್ಕು, ಫೆಬ್ರವರಿ.
ಒಬ್ಬ ಮುದುಕಿ, ಕಾಗದಪತ್ರ ಒಂದೂ ಇಲ್ಲ.
ಆಚೆ ತಂಗಿಯ ಹುಟ್ಟುಹಬ್ಬ, ನುಡಿಸಿ ಬರುತ್ತೇನೆ ಅಂದಳು.
‘ರಶೀದಿ ತಂದು ಬಿಡಿಸಿಕೊಳ್ಳಿ’ ಅಂದೆ ನಾನು,
ಅಪ್ಪನ ಕಾಲದ್ದಕ್ಕೆ ರಶೀದಿ!
ಜಗಳವಾಡಿದ್ದರೆ ಮರೆತುಬಿಡುತ್ತಿದ್ದೆ.
‘ಒಲೆಯಿಂದ ದೂರ ಇಡಮ್ಮ, ಮೇಣ ಕರಗುತ್ತದೆ’
ಅಂತಷ್ಟೇ ಹೇಳಿ, ಬರಿಗೈಲಿ ದಾಟಿ ಹೋದಳು.
ಬರುವಾಗ ನನ್ನ ಪಾಳಿಯಲ್ಲ.
ಆಮೇಲೆ ಯಾವ ಪಾಳಿಯಲ್ಲೂ ಕಾಣಲಿಲ್ಲ.
ಪ್ರತಿ ಅಕ್ಟೋಬರಿನಲ್ಲಿ, ಒಲೆ ಹಚ್ಚುವ ದಿನ,
ಇದನ್ನು ಈ ಕೋಣೆಗೆ ಒಯ್ದಿಡುತ್ತಿದ್ದೆ.

ಐವಾರ್ಸ್ ಒಂದು ಮನೆ ಒತ್ತಿದ.
ತಿದಿ ಹದಿನೆಂಟು ವರ್ಷದ ಗಾಳಿಯನ್ನು
ಸೀನಿನಂತೆ ಬಿಟ್ಟಿತು.
ಯಾವ ಸ್ವರವೆಂದು ಹೇಳುವಷ್ಟು ಕಿವಿ ನನಗಿಲ್ಲ.

ಪಟ್ಟಿಯಲ್ಲಿಲ್ಲ, ಮಾರುವಂತಿಲ್ಲ.
ಸರ್ಕಾರದ್ದಲ್ಲ, ಕೊಡುವಂತಿಲ್ಲ.
ಕೋಣೆ ಖಾಲಿಯಿರಬೇಕು, ಬಿಡುವಂತಿಲ್ಲ.
ಹೆಲ್ವೆಯನ್ನು ನೋಡಿದೆ. ಆಕೆ ಕೈ ಹಿಂದಕ್ಕೆ ಕಟ್ಟಿ ನಿಂತಿದ್ದಳು;
ಚೀಟಿ ಕಟ್ಟಿದ ಕೈ ಬಿಚ್ಚಿಕೊಳ್ಳುವುದು ಹೇಗೆ?

ಕೊನೆಗೆ, ಮೂರೂ ಪ್ರತಿಗಳಲ್ಲಿ,
ಧ್ವಜದ ಕಂಬದ ಕೆಳಗೆ ಶಾಯಿಯಲ್ಲಿ ಬರೆದೆ:
‘ಅಕಾರ್ಡಿಯನ್ ಒಂದು, ಪರರದ್ದು.
ಕೊಂಡವರು ಒಲೆಯಿಂದ ದೂರ ಇಡತಕ್ಕದ್ದು.
ಕೇಳಿಕೊಂಡು ಬಂದರೆ ರಶೀದಿಯಿಲ್ಲದೆ ಕೊಡತಕ್ಕದ್ದು.’
ಮೇಲಿನವರು ಹೊಡೆದುಹಾಕಬಹುದು.
ಐವಾರ್ಸ್ ಓದಿ, ‘ಜೇನ್ನೊಣಕ್ಕೂ ಬಿಸಿ ಆಗದು’ ಅಂದು
ರುಜು ಹಾಕಿದ. ದರ ಮಾತ್ರ ಇಳಿಸಲೇ ಹೇಳಿದ.

ಅವನ ವ್ಯಾನು ಹಳೆಯ ತಕ್ಕಡಿಯ ಮೇಲೆ ಹಾಯ್ದಾಗ
ಕಬ್ಬಿಣದ ಹಾಸು ಗಡಗಡ ಎಂದಿತು.
ಹೆಲ್ವೆ ಮುಳ್ಳಿಲ್ಲದ ಗಾಜಿನ ಕಡೆ ಕಣ್ಣು ಹಾಯಿಸಿದಳು.
‘ಎಷ್ಟು?’ ಅಂತ ಕೇಳಿದೆ.
‘ಖಾಲಿ,’ ಅಂದಳು. ‘ಬಿಡಿ, ಹೋಗಲಿ.’